ಹಾಳೆ ಬಿದ್ದ ಸದ್ದು

ಅಡಿಕೆ ಮರದಿಂದ ಕಳಚಿ ಧೊಪ್ಪನೆ ಬೀಳುವುದೂ ಹಾಳೆ, ಮಗುವಿನ ಪುಸ್ತಕದಿಂದ ಹರಿದು ಬರುವುದೂ ಹಾಳೆ. ಊರ್ಡಿಗೆರೆ ಸುತ್ತಿನ ನಾವು ಎರಡನ್ನೂ ಒಂದೇ ಹೆಸರಿನಿಂದ ಕರೆಯುತ್ತಾ ಬಂದಿದ್ದೇವೆ, ಏಕೆಂದು ಕೇಳಿಕೊಂಡವರಲ್ಲ. ತಾಳೆಯ ಗರಿ ಓಲೆಯಾಯಿತು. ಮದುವೆಯ ಕರೆಯೋಲೆ ಈಗ ಮಿನುಗುವ ರಟ್ಟಿನ ಮೇಲೆ ಅಚ್ಚಾದರೂ ಅದರ ಹೆಸರು ಮರವನ್ನು ಬಿಟ್ಟಿಲ್ಲ. ಅದೇ ಗರಿಯನ್ನು ಸುರುಳಿ ಸುತ್ತಿ ಕಿವಿಗಿಟ್ಟುಕೊಂಡಾಗ ಒಡವೆಗೂ ಓಲೆಯೆಂದೇ ಹೆಸರಾಯಿತು. ಶಿವನಿಗೆ ಏರಿಸುವ ಬಿಲ್ವ ಪತ್ರೆ, ಅಂಚೆಯವನು ತರುವುದು ಪತ್ರ. ಹೀಗಿರುವಾಗ ಕಾಗದದ ಕಲೆಗೆ ಸ್ಫೂರ್ತಿಯನ್ನು ತೋಟದಲ್ಲಿ ಹುಡುಕಬೇಕೆ? ಅಥವಾ ಅದು ತೋಟವನ್ನು ಬಿಟ್ಟು ಹೊರಬಂದೇ ಇಲ್ಲವೇ?

ಬೇಸಿಗೆ ರಜೆಗೆ ಬಂದಿದ್ದ ಮೊಮ್ಮಗಳಿಗೆ ಒಂದು ಮಧ್ಯಾಹ್ನ ಹಳೆಯ ಲಗ್ನಪತ್ರಿಕೆಯ ಕೆಂಪು ರಟ್ಟಿನಲ್ಲಿ ದಾಸವಾಳ ಕತ್ತರಿಸಿಕೊಟ್ಟೆ. ಹಿತ್ತಲಿನ ಆ ಗಿಡಕ್ಕೆ ವರ್ಷಗಟ್ಟಲೆ ನೀರು ಹಾಕಿದವನೆಂಬ ಹೆಮ್ಮೆ ನನಗೆ. ಅವಳು ತಿರುಗಿಸಿ ಮುರುಗಿಸಿ ನೋಡಿ, “ತಾತ, ಇದಕ್ಕೆ ಆರು ಎಸಳು ಯಾಕೆ? ನಮ್ಮ ಗಿಡದಲ್ಲಿ ಐದೇ ಇರೋದು” ಅಂದಳು. ಇಬ್ಬರೂ ಎದ್ದು ಹೋಗಿ ನೋಡಿದೆವು. ಐದೇ. ಅಷ್ಟಕ್ಕೇ ಮುಗಿಯಲಿಲ್ಲ: ಪ್ರತಿ ಎಸಳೂ ತನ್ನ ಒಂದು ಅಂಚನ್ನು ಪಕ್ಕದ ಎಸಳಿನ ಕೆಳಗೆ ತೂರಿಸಿ, ಇನ್ನೊಂದನ್ನು ಆಚೆಯ ಎಸಳಿನ ಮೇಲೆ ಹೊದಿಸಿತ್ತು. ಮೊಗ್ಗಿನಲ್ಲಿ ಅದೇ ಮಡಿಕೆ ಹುರಿಯಂತೆ ಸುತ್ತಿಕೊಂಡಿತ್ತು. ನೀರೆರೆದಿದ್ದೇನೆ, ಕೊಯ್ದಿದ್ದೇನೆ, ದೇವರ ತಲೆಗೆ ಏರಿಸಿದ್ದೇನೆ, ನೋಡಿದ್ದೆನೇ?

ಆರು ಎಸಳು ಬಂದದ್ದು ಮರೆವಿನಿಂದಲ್ಲ, ಕತ್ತರಿಯ ಸೋಮಾರಿತನದಿಂದ. ಕಾಗದವನ್ನು ಅರ್ಧಕ್ಕೆ ಮಡಚಿ ಮತ್ತೆ ಮೂರು ಪಾಲು ಮಾಡಿದರೆ ಆರು ತಾನಾಗಿ ಬರುತ್ತದೆ. ಐದು ಬರುವುದಿಲ್ಲ, ಐದಕ್ಕೆ ಅಳತೆ ಬೇಕು, ತಾಳ್ಮೆ ಬೇಕು. ನಮ್ಮ ಅನುಕೂಲಕ್ಕೆ ತಕ್ಕಂತೆ ಹೂವಿನ ಲೆಕ್ಕವನ್ನೇ ಬದಲಿಸಿಬಿಡುವ ಈ ಅಭ್ಯಾಸ ಕಾಗದಕ್ಕೆ ಮಾತ್ರ ಸೀಮಿತವೇ? ಮನೆಯ ಮಕ್ಕಳನ್ನೂ ನಾವು ಎಷ್ಟೋ ಸಲ ಹೀಗೆಯೇ ಕತ್ತರಿಸಿರುವುದಿಲ್ಲವೇ?

ಇಂಗ್ಲೆಂಡಿನ ಮೇರಿ ಡೆಲನಿ ಎಂಬಾಕೆಯ ನೆನಪಾಗುತ್ತದೆ. ಗಂಡನನ್ನು ಕಳೆದುಕೊಂಡ ಆಕೆ 1772ರಲ್ಲಿ, ತನ್ನ 72ನೇ ವಯಸ್ಸಿನಲ್ಲಿ, ಕಾಗದದ ಚೂರುಗಳಿಂದ ಹೂಗಳನ್ನು ಜೋಡಿಸಲು ಕೂತಳು. ಮುಂದೆ ನಿಜವಾದ ಗಿಡ, ಕೆಳಗೆ ಕಪ್ಪು ಹಾಳೆ, ಕೈಯಲ್ಲಿ ಕತ್ತರಿ. ಕೆಲವು ಹೂಗಳಿಗೆ ನೂರಾರು ಚೂರುಗಳು ಹಿಡಿದವು. ಹತ್ತು ವರ್ಷದ ಮೇಲೆ ಕಣ್ಣು ಮಂಜಾಗಿ ನಿಲ್ಲಿಸುವ ಹೊತ್ತಿಗೆ ಸಾವಿರಕ್ಕೆ ಕೊಂಚ ಕಡಿಮೆ ಗಿಡಗಳು ಅರಳಿದ್ದವು. ಇಂದಿಗೂ ಅವು ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಅವುಗಳ ಕೇಸರಗಳನ್ನು ಎಣಿಸಿ ಗಿಡದ ಜಾತಿ ಹೇಳಬಹುದಂತೆ. ಕಲೆಯೆಂದರೆ ಕಲ್ಪನೆ ಎಂದು ಹೇಳಿಕೊಂಡು ತಿರುಗುವ ನಮಗೆ, ಎಣಿಕೆಯೂ ಭಕ್ತಿಯ ಒಂದು ಬಗೆ ಎಂದು ಆ ಮುದುಕಿ ತೋರಿಸಿಬಿಟ್ಟಳು.

ಜಪಾನಿನ ಒರಿಗಾಮಿಯವರು ಎರಡೇ ಮೂಲ ಮಡಿಕೆಗಳನ್ನು ಹೇಳುತ್ತಾರೆ: ಬೆಟ್ಟದ ಮಡಿಕೆ, ಕಣಿವೆಯ ಮಡಿಕೆ. ಅದನ್ನು ಕಲಿಯಲು ದೂರ ಹೋಗಬೇಕಿಲ್ಲ. ತೆಂಗಿನ ಗರಿಯ ಒಂದು ಎಲೆಯನ್ನು ದಿಂಡಿನ ಬುಡದಲ್ಲಿ ಹಿಡಿದು ನೋಡಿ. ನಡುಗಡ್ಡಿ ಮೇಲೆ, ಅಂಚುಗಳು ಕೆಳಗೆ, ಹೆಂಚಿನ ಮಾಡಿನಂತೆ. ಕೆರೆ ಏರಿಯ ಈಚಲನ್ನು ನೋಡಿ. ಅಲ್ಲಿ ಎಲೆ ದೋಣಿಯಂತೆ ಮೇಲಕ್ಕೆ ಬಾಯಿ ತೆರೆದಿದೆ. ಒಂದು ಬೆಟ್ಟ, ಇನ್ನೊಂದು ಕಣಿವೆ. ಬಾಳೆಯ ಸುಳಿಯದು ಮಡಿಕೆಯೇ ಅಲ್ಲ, ಸುರುಳಿ. ಹುಣಸೆಯಂತೂ ಸಂಜೆಯಾದರೆ ಎಲೆ ಮಡಚಿ, ಬೆಳಗಾದರೆ ಬಿಚ್ಚುತ್ತದೆ. ದಿನವೂ ಒಂದು ಪಾಠ, ಕೂರುವ ವಿದ್ಯಾರ್ಥಿಗಳಿಲ್ಲ. ನಾವು ಹುಡುಗರಾಗಿದ್ದಾಗ ತೆಂಗಿನ ಗರಿಯಲ್ಲೇ ಪೀಪಿ, ಗಿರಗಿಟ್ಲೆ, ಕೈಗಡಿಯಾರ ಮಾಡುತ್ತಿದ್ದೆವು. ಅದನ್ನು ಯಾರೂ ಕಲೆ ಅನ್ನಲಿಲ್ಲ, ಆಟ ಅಂದರು. ಒಳ್ಳೆಯದೇ ಆಯಿತು.

ಈಗ ಮೊಬೈಲಿನಲ್ಲಿ ನೋಡಿ ಮಾಡುವ ಕಾಗದದ ಹೂವು ತುಮಕೂರಿನಲ್ಲೂ ಅದೇ, ಕುಣಿಗಲಿನಲ್ಲೂ ಅದೇ. ತಪ್ಪೆನ್ನಲಾರೆ, ಆದರೆ ಮನೆಯ ಗಿಡದ ಎದುರು ಕೂತು ಮಾಡಿದ ಹೂವಿಗೆ ಮನೆಯ ಗುರುತಿರುತ್ತದೆ. ಹುಳ ತಿಂದ ಎಲೆಯ ತೂತು, ಬಿಸಿಲಿಗೆ ಮುರುಟಿದ ಅಂಚು, ಅಜ್ಜಿ ಪಾತ್ರೆ ತೊಳೆದ ನೀರು ಚೆಲ್ಲಿ ಬೆಳೆಸಿದ ಕನಕಾಂಬರದ ಬಣ್ಣ, ಇವನ್ನು ಯಾವ ಅಚ್ಚು ಕೊಟ್ಟೀತು? ಹಿತ್ತಲು ಒಬ್ಬರದಲ್ಲ: ಒಬ್ಬರು ಪಾತಿ ಮಾಡುತ್ತಾರೆ, ಇನ್ನೊಬ್ಬರು ನೀರು ಬಿಡುತ್ತಾರೆ, ಮಗು ಯಾರೂ ಕಾಣದ್ದನ್ನು ಕಾಣುತ್ತದೆ. ಕಾಗದದ ಹೂವು ಬಾಡುವುದಿಲ್ಲವೆಂದು ನಾವು ಬೀಗಬೇಕೆ? ಬೆಳಗ್ಗೆ ಅರಳಿದ ದಾಸವಾಳ ಸಂಜೆಗೆ ಮುದುಡುತ್ತದೆ ಎಂಬುದಕ್ಕೇ ಅಲ್ಲವೇ ಅದನ್ನು ಇಂದೇ ನೋಡಬೇಕಾದದ್ದು?

ಕತ್ತರಿಸಿ ಉಳಿದ ಚೂರುಗಳನ್ನು ತಿಪ್ಪೆಗೆ ಹಾಕಲು ಹೋದೆವು. ಮಿನುಗಿನ ಲೇಪವಿದ್ದದ್ದು ಕೊಳೆಯುವುದಿಲ್ಲವೆಂದು ಬೇರೆ ತೆಗೆದಿಟ್ಟೆವು. ಮುಂದಿನ ಸಲಕ್ಕೆ ಸಾದಾ ಕಾಗದ ಸಾಕು ಎಂದುಕೊಂಡಿದ್ದೇವೆ.

ಐದೆಸಳಿನ ದಾಸವಾಳ ನಾಲ್ಕನೆಯ ಪ್ರಯತ್ನಕ್ಕೆ ಬಂತು. ಆರೆಸಳಿನದು ಪಡಸಾಲೆಯ ಕ್ಯಾಲೆಂಡರಿನ ಮೊಳೆಗೆ ಇನ್ನೂ ನೇತಾಡುತ್ತಿದೆ. ತೆಗೆಯಲು ಅವಳು ಬಿಟ್ಟಿಲ್ಲ.