ಬಿಡುಗಡೆಯ ಮರುದಿನ

ದಕ್ಷಿಣ ಕೊರಿಯಾದ ಹಾಂಗ್‌ಚಿಯಾನ್ ಎಂಬ ಊರಲ್ಲಿ ದುಡ್ಡು ಕೊಟ್ಟು ಒಳಗೆ ಹೋಗುವ ಸೆರೆಮನೆಯೊಂದಿದೆ. 2013ರಲ್ಲಿ ಶುರುವಾದ ಅದರ ಹೆಸರು ‘ನನ್ನೊಳಗಿನ ಸೆರೆಮನೆ’. ಅಲ್ಲಿಗೆ ಬರುವವರು ಅಪರಾಧಿಗಳಲ್ಲ, ಕೆಲಸದಲ್ಲಿ ದಣಿದವರು, ಓದಿನ ಒತ್ತಡದಲ್ಲಿ ಬೆಂದವರು. ಬಾಗಿಲಲ್ಲೇ ಮೊಬೈಲು, ಗಡಿಯಾರ ಎರಡನ್ನೂ ಒಪ್ಪಿಸಬೇಕು. ಉಡಲು ನೀಲಿ ಸಮವಸ್ತ್ರ, ಚಾಪೆ, ಚಹಾ ಮಾಡಿಕೊಳ್ಳುವ ಸಾಮಾನು, ಒಂದು ಪೆನ್ನು, ಒಂದು ನೋಟ್‌ಬುಕ್ಕು ಕೊಡುತ್ತಾರೆ. ಐದು ಚದರ ಮೀಟರಿನ ಕೋಣೆಯಲ್ಲಿ ಕನ್ನಡಿಯೂ ಇಲ್ಲ. ರಾತ್ರಿಗೆ ಬೇಯಿಸಿದ ಗೆಣಸು, ಬೆಳಿಗ್ಗೆ ಅಕ್ಕಿ ಗಂಜಿ. ಇದನ್ನು ಕಟ್ಟಿದ ದಂಪತಿಯಲ್ಲಿ ಗಂಡ ಸರ್ಕಾರಿ ಅಭಿಯೋಜಕರಾಗಿ ವಾರಕ್ಕೆ ನೂರು ಗಂಟೆ ದುಡಿಯುತ್ತಿದ್ದವರು. ಒಂದು ವಾರ ಯಾರಾದರೂ ಒಂಟಿ ಕೋಣೆಯಲ್ಲಿ ಕೂಡಿಹಾಕಿದರೆ ಸಾಕೆನಿಸಿತ್ತಂತೆ ಅವರಿಗೆ.

ಹೊರಗಿನವರು ಫೋನಿನಿಂದ ತಪ್ಪಿಸಿಕೊಳ್ಳಲು ಸೆರೆಮನೆ ಹುಡುಕುತ್ತಿದ್ದಾರೆ. ನಿಜವಾದ ಸೆರೆಮನೆಯಿಂದ ಹೊರಬಂದವನು ನೇರ ಆ ಫೋನಿನೊಳಕ್ಕೇ ಬೀಳುತ್ತಾನೆ.

2008ರಲ್ಲಿ ಜೀವಾವಧಿ ಶಿಕ್ಷೆಗೆ ಒಳಗಾಗಿ, 2023ರಲ್ಲಿ ಸನ್ನಡತೆಯ ಮೇಲೆ ಬಿಡುಗಡೆಯಾದ ಒಬ್ಬನನ್ನು ಊಹಿಸಿಕೊಳ್ಳಬಹುದು. ಅವನು ಒಳಗೆ ಹೋಗುವಾಗ ಊರಲ್ಲಿ ಇದ್ದದ್ದು ಗುಂಡಿ ಒತ್ತುವ ಫೋನು. ಅವನು ಒಳಗಿದ್ದಾಗ 2010ರಲ್ಲಿ ಆಧಾರ್ ಬಂತು. 2016ರ ಏಪ್ರಿಲ್‌ನಲ್ಲಿ ಯುಪಿಐ, ಸೆಪ್ಟೆಂಬರ್‌ನಲ್ಲಿ ಜಿಯೋ, ನವೆಂಬರ್‌ನಲ್ಲಿ ನೋಟು ರದ್ದತಿ. ಮನೆಗೆ ಬಂದ ಮರುದಿನ ತಂಗಿಯ ಮಗ “ಇದನ್ನ ಇಟ್ಕೊಳ್ಳಿ ಮಾವ, ಇದಿಲ್ದೆ ಏನೂ ನಡೆಯಲ್ಲ” ಎಂದು ಹಳೆಯ ಸ್ಮಾರ್ಟ್‌ಫೋನು ಕೈಗಿಡುತ್ತಾನೆ. ಹುಡುಗ ಹೇಳಿದ್ದು ಸುಳ್ಳಲ್ಲ. ಬ್ಯಾಂಕ್ ಖಾತೆಗೆ ಒಟಿಪಿ ಬೇಕು, ಕೂಲಿ ಸಿಗಲು ಮೇಸ್ತ್ರಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿರಬೇಕು.

ಹಗಲು ಹೇಗೋ ಕಳೆಯುತ್ತದೆ. ಕಷ್ಟ ಇರುವುದು ರಾತ್ರಿಯಲ್ಲಿ. ಸಂಜೆಯೇ ಎಣಿಕೆ ಮುಗಿಸಿ ಬೀಗ ಹಾಕುವ ಬ್ಯಾರಕ್ಕಿಗೆ ಒಗ್ಗಿದ ಮೈಗೆ ಮನೆಯ ಕತ್ತಲೆ ಹೊಸದು. ನಿದ್ದೆ ಬಾರದು. ಬೆರಳು ತೆರೆಯ ಮೇಲೆ ಜಾರಿದಂತೆ ಒಂದರ ಬೆನ್ನಿಗೆ ಒಂದು ರೀಲು ಬರುತ್ತದೆ. ಬೀದಿಯಲ್ಲಿ ಸಿಕ್ಕವರೆಲ್ಲ ಕಣ್ಣಲ್ಲೇ ಕೇಳುವ ಪ್ರಶ್ನೆಯನ್ನು ಆ ತೆರೆ ಕೇಳುವುದಿಲ್ಲ. ಎಲ್ಲಿದ್ದೆ, ಏನು ಮಾಡಿದ್ದೆ ಎಂಬುದು ಅದಕ್ಕೆ ಬೇಡ. ಹದಿನೈದು ವರ್ಷಗಳಲ್ಲಿ ಮೊದಲ ಸಲ ಅವನಿಗೆ ಹಿನ್ನೆಲೆಯೇ ಇಲ್ಲದ ಜಾಗವೊಂದು ಸಿಕ್ಕಿರುತ್ತದೆ. ಆ ಸೆಳೆತವನ್ನು ಬರೀ ಚಪಲ ಎಂದು ತಳ್ಳಿಹಾಕುವುದು ಅನ್ಯಾಯ.

ತಿಂಗಳುಗಟ್ಟಲೆ ಹೀಗೇ ನಡೆದಾಗ ಮನೆಯವರು ಹೇಳುವ ಮಾತು ಒಂದೇ: “ಅಷ್ಟು ವರ್ಷ ಫೋನಿಲ್ಲದೆ ಇದ್ದ, ಈಗ ಇರೋಕೆ ಏನು ಕಷ್ಟ?” ಕೇಳಲು ಸರಿಯೆನಿಸುವ ಈ ಪ್ರಶ್ನೆಯಲ್ಲೇ ತಪ್ಪು ಅಡಗಿದೆ. ಇಲ್ಲದ್ದನ್ನು ಬಿಟ್ಟಿರುವುದು ಸಂಯಮವಲ್ಲ. ಉಪವಾಸವಿದ್ದವನಿಂದ ಇಂದ್ರಿಯ ವಿಷಯಗಳು ದೂರವಾದರೂ ಅವುಗಳ ರುಚಿ ಒಳಗೇ ಉಳಿದಿರುತ್ತದೆ ಎಂಬ ಸೂಕ್ಷ್ಮವನ್ನು ಭಗವದ್ಗೀತೆಯ ಎರಡನೇ ಅಧ್ಯಾಯ ಗುರುತಿಸಿದೆ. ಬಸವಣ್ಣನವರು ಇನ್ನೂ ಮುಂದೆ ಹೋಗುತ್ತಾರೆ. ಇಂದ್ರಿಯಗಳನ್ನು ಬಲವಂತವಾಗಿ ಅದುಮಿದರೆ ಹೊಸ ದೋಷಗಳೇ ಬಂದು ಕಾಡುತ್ತವೆ ಎಂಬ ಎಚ್ಚರಿಕೆ ಅವರ ವಚನವೊಂದರಲ್ಲಿದೆ. ಸೆರೆಮನೆ ಮಾಡಿದ್ದು ಆ ಅದುಮುವ ಕೆಲಸವನ್ನೇ. ಯಾವಾಗ ಏಳಬೇಕು, ಏನು ಉಣ್ಣಬೇಕು, ಯಾವಾಗ ದೀಪ ಆರಬೇಕು ಎಂಬುದನ್ನೆಲ್ಲ ಬೇರೆಯವರೇ ತೀರ್ಮಾನಿಸಿದ ವರ್ಷಗಳಲ್ಲಿ ಬೇಡ ಎನ್ನುವ ಶಕ್ತಿ ಬೆಳೆಯಲಿಲ್ಲ, ಬಳಕೆಯಿಲ್ಲದೆ ಜಡ್ಡುಗಟ್ಟಿತು.

ಅಮೆರಿಕದ ತತ್ತ್ವಶಾಸ್ತ್ರಜ್ಞ ಹ್ಯಾರಿ ಫ್ರಾಂಕ್‌ಫರ್ಟ್ 1971ರ ಪ್ರಬಂಧವೊಂದರಲ್ಲಿ ಬೇರೆ ಬೇರೆ ಬಗೆಯ ವ್ಯಸನಿಗಳನ್ನು ಎದುರಿಟ್ಟು ನೋಡಿದರು. ಒಬ್ಬನಿಗೆ ಅಮಲು ಬೇಕು, ಆದರೆ ಆ ಬೇಕೆನ್ನುವಿಕೆಯೇ ತನಗೆ ಬೇಡ ಎಂದು ಅವನು ಒಳಗೆ ಹೋರಾಡುತ್ತಾನೆ. ಇನ್ನೊಬ್ಬನಿಗೆ ಆ ಹೋರಾಟವೇ ಇಲ್ಲ. ಮನಸ್ಸು ಎಳೆದತ್ತ ಹೋಗುತ್ತಾನೆ, ತನ್ನ ಆಸೆ ಹೇಗಿರಬೇಕೆಂದು ಯೋಚಿಸುವುದೇ ಇಲ್ಲ. ಮೊದಲನೆಯವನು ಸೋತರೂ ಅವನಲ್ಲಿ ಮನುಷ್ಯತ್ವದ ಮುಖ್ಯ ಗುಣವೊಂದು ಜೀವಂತವಿದೆ ಎಂಬುದು ಫ್ರಾಂಕ್‌ಫರ್ಟರ ವಾದ. ಹಾಗಾದರೆ ಚಿಕಿತ್ಸೆ ಎಂದರೆ ಫೋನನ್ನು ಕಿತ್ತುಕೊಳ್ಳುವುದಲ್ಲ, ಆ ಒಳಗಿನ ತಕರಾರನ್ನು ಎಬ್ಬಿಸುವುದು. ಕಿತ್ತುಕೊಂಡರೆ ಜೈಲರನ ಜಾಗಕ್ಕೆ ಅಣ್ಣನೋ ಹೆಂಡತಿಯೋ ಬಂದು ನಿಲ್ಲುತ್ತಾರೆ, ಅಷ್ಟೇ.

ಕಿತ್ತುಕೊಳ್ಳುವ ದಾರಿ ಎಲ್ಲಿಗೆ ಮುಟ್ಟೀತು ಎಂಬುದಕ್ಕೆ ಚೀನಾ ಸಾಕ್ಷಿ. ಅಂತರ್ಜಾಲದ ಗೀಳು ಬಿಡಿಸಲು ಹುಡುಗರಿಗೆ ವಿದ್ಯುತ್ ಆಘಾತ ಕೊಡುತ್ತಿದ್ದ ಚಿಕಿತ್ಸೆಯನ್ನು 2009ರಲ್ಲಿ ಅಲ್ಲಿನ ಆರೋಗ್ಯ ಸಚಿವಾಲಯವೇ ನಿಲ್ಲಿಸಬೇಕಾಯಿತು.

ಕೂಡಿಹಾಕಿದ ಜಾಗದಲ್ಲೂ ಸ್ವಂತ ಸಂಕಲ್ಪ ಹುಟ್ಟಬಲ್ಲದೇ? ಹುಟ್ಟಬಲ್ಲದು ಎನ್ನಲು ನಮ್ಮ ದೇಶದ ಸೆರೆಮನೆಗಳಲ್ಲೇ ಪುರಾವೆ ಇದೆ. 1930ರಲ್ಲಿ ಯರವಡಾ ಜೈಲಿನಲ್ಲಿದ್ದ ಗಾಂಧೀಜಿ ಪ್ರತಿ ಮಂಗಳವಾರ ಆಶ್ರಮಕ್ಕೆ ಕಾಗದ ಬರೆದು ಅಸ್ವಾದ, ಅಪರಿಗ್ರಹ ಮೊದಲಾದ ವ್ರತಗಳನ್ನು ವಿವರಿಸಿದರು. ‘ಮಂಗಳ ಪ್ರಭಾತ’ ಎಂಬ ಪುಸ್ತಕವಾದದ್ದು ಆ ಕಾಗದಗಳೇ. ಸರ್ಕಾರವೇ ಎಲ್ಲವನ್ನೂ ಕಸಿದುಕೊಂಡಿದ್ದ ಜಾಗದಲ್ಲಿ ಕೂತು ಅವರು ತಾವಾಗಿ ಬಿಡುವುದರ ಬಗ್ಗೆ ಬರೆದರು. ಜೈಲಿನ ಊಟ ಸಪ್ಪೆಯಾಗಿರುವುದು ಬೇರೆ, ನಾಲಗೆಯ ರುಚಿಗೆ ಮಣಿಯಬಾರದೆಂದು ತಾನೇ ತೀರ್ಮಾನಿಸುವುದು ಬೇರೆ.

1975ರಲ್ಲಿ ಜೈಪುರದ ಕೇಂದ್ರ ಕಾರಾಗೃಹದಲ್ಲಿ ಕೈದಿಗಳ ಮೊದಲ ವಿಪಶ್ಯನಾ ಧ್ಯಾನ ಶಿಬಿರ ನಡೆಯಿತು. ಕೈಕಾಲಿಗೆ ಸಂಕೋಲೆ ಬಿಗಿದ ಕೈದಿಗಳನ್ನು ಕರೆತಂದಾಗ ಶಿಬಿರದ ಗುರು ಸತ್ಯನಾರಾಯಣ ಗೋಯೆಂಕಾ ಒಪ್ಪಲಿಲ್ಲ. ಸಂಕೋಲೆ ಬಿಚ್ಚಿದ ಮೇಲೆಯೇ ಧ್ಯಾನ ಹೇಳಿಕೊಟ್ಟರು. 1994ರ ಏಪ್ರಿಲ್‌ನಲ್ಲಿ, ಕಿರಣ್ ಬೇಡಿ ತಿಹಾರ್ ಜೈಲಿನ ಮುಖ್ಯಸ್ಥರಾಗಿದ್ದಾಗ, ಅಲ್ಲಿ ಸಾವಿರಕ್ಕೂ ಹೆಚ್ಚು ಕೈದಿಗಳು ಒಟ್ಟಿಗೆ ಹತ್ತು ದಿನ ಮೌನದಲ್ಲಿ ಕೂತರು. ಕಾಲು ಜೋಮು ಹಿಡಿಯುತ್ತದೆ, ಮೂಗಿನ ತುದಿ ತುರಿಸುತ್ತದೆ. ಕೂಡಲೇ ಕೈ ಎತ್ತದೆ ಆ ತುರಿಕೆ ಹುಟ್ಟಿ, ಏರಿ, ಇಳಿಯುವುದನ್ನು ನೋಡುತ್ತಿರಬೇಕು. ಫೋನು ‘ಟಿಂಗ್’ ಎಂದಾಗ ಬೆರಳು ತಾನಾಗಿ ಓಡುವ ಆ ಅರೆಕ್ಷಣದಲ್ಲಿ ಬೇಕಾದದ್ದು ಇದೇ ಅಭ್ಯಾಸ. ಧ್ಯಾನವೇ ಮದ್ದು ಎಂದು ಸಾರುವ ಉತ್ಸಾಹ ಇಲ್ಲಿ ಬೇಡ. ಬಲವಂತದ ಧ್ಯಾನವೂ ಇನ್ನೊಂದು ಎಣಿಕೆಯ ಗಂಟೆಯಾಗಿಬಿಡಬಹುದು.

ವೈದ್ಯಶಾಸ್ತ್ರವೂ ಎಚ್ಚರದಿಂದಲೇ ಹೆಜ್ಜೆಯಿಟ್ಟಿದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯ 11ನೇ ಆವೃತ್ತಿ 2022ರ ಜನವರಿಯಲ್ಲಿ ಜಾರಿಗೆ ಬಂದಾಗ ವಿಡಿಯೊ ಆಟದ ಗೀಳು ಅದರಲ್ಲಿ ಸೇರಿತು. ಹಿಡಿತ ತಪ್ಪಿರಬೇಕು, ಉಳಿದೆಲ್ಲಕ್ಕಿಂತ ಆಟವೇ ಮುಂದಾಗಿರಬೇಕು, ಹಾನಿ ಕಂಡರೂ ಮುಂದುವರಿದಿರಬೇಕು, ಸಾಮಾನ್ಯವಾಗಿ ಇದೆಲ್ಲ ಹನ್ನೆರಡು ತಿಂಗಳು ಕಾಣಿಸಿರಬೇಕು. ಬಿಡುಗಡೆಯಾದ ಮೊದಲ ವಾರಗಳಲ್ಲಿ ಬೆಳಗಿನ ಜಾವದವರೆಗೆ ವಿಡಿಯೊ ನೋಡುವವನೆಲ್ಲ ರೋಗಿಯಲ್ಲ. ಹೆಂಡ ಬಿಟ್ಟವನು ಹೆಂಡದಂಗಡಿಯ ದಾರಿಯನ್ನೇ ಬಿಡಬಹುದು, ಫೋನಿನ ವಿಷಯದಲ್ಲಿ ಅದು ಆಗದು. ಇದು ಊಟದ ಹಾಗೆ, ಬಿಡಲಾಗದ್ದನ್ನೇ ಮಿತಿಯಲ್ಲಿಡಬೇಕು. 2014ರಲ್ಲಿ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ಶುರುಮಾಡಿದ ‘ಶಟ್’ ಕ್ಲಿನಿಕ್ ಗುರಿಯಾಗಿಟ್ಟುಕೊಂಡದ್ದೂ ಆರೋಗ್ಯಕರ ಬಳಕೆಯನ್ನೇ.

ಆದರೆ ಈ ಭಾರವನ್ನೆಲ್ಲ ಬಿಡುಗಡೆಯಾದವನ ಮನೋಬಲದ ಮೇಲೆ ಹೊರಿಸುವುದು ಸರಿಯಲ್ಲ. ರಾಜನಿಂದ ದಂಡನೆ ಅನುಭವಿಸಿದವನು ಶುದ್ಧನಾದ ಎಂದು ಮನುಸ್ಮೃತಿಯೇ ಹೇಳುತ್ತದೆ. ಒಪ್ಪಲಾಗದ ಮಾತುಗಳು ಬೇಕಾದಷ್ಟಿರುವ ಆ ಗ್ರಂಥದಲ್ಲೂ ಇಷ್ಟು ಔದಾರ್ಯವಿದೆ. ಊರಿಗೆ ಅದಿಲ್ಲ. ಮದುವೆ ಮನೆಯಲ್ಲಿ ಅವನನ್ನು ಪಂಕ್ತಿಗೆ ಕರೆಯುವವರಿಲ್ಲ, ಬಾಡಿಗೆ ಮನೆ ಸಿಗುವುದಿಲ್ಲ, ಮಕ್ಕಳು ಶಾಲೆಯಲ್ಲಿ ಅಪ್ಪನ ಹೆಸರು ಹೇಳಲು ಹಿಂಜರಿಯುತ್ತಾರೆ. ಬೆಳಿಗ್ಗೆ ಆರಕ್ಕೆ ಅವನಿಗಾಗಿ ಕಾಯುವ ಒಂದು ಕೆಲಸವಿದ್ದರೆ ರಾತ್ರಿ ಫೋನು ಕೆಳಗಿಡಲು ಅವನಿಗೆ ಕಾರಣವಿರುತ್ತದೆ. ಯಾರೂ ಕಾಯದವನಿಗೆ ಹಾಗೆ ಮಾಡು ಎಂದು ಯಾವ ಬಾಯಲ್ಲಿ ಹೇಳುವುದು?

ಹೊರಗಿನ ಬದುಕಿಗೆ ಸಿದ್ಧತೆ ಸೆರೆಮನೆಯೊಳಗೇ ಶುರುವಾಗಬಲ್ಲದು. ಫಿನ್ಲೆಂಡಿನ ಹಾಮೀನ್‌ಲಿನ್ನಾ ಮಹಿಳಾ ಕಾರಾಗೃಹದಲ್ಲಿ ಕೋಣೆಗೊಂದು ಕಂಪ್ಯೂಟರ್ ಕೊಟ್ಟಿದ್ದಾರೆ. ಕೈದಿಗಳು ಅದರಲ್ಲಿ ಓದುತ್ತಾರೆ, ಮನೆಯವರ ಜೊತೆ ವಿಡಿಯೊದಲ್ಲಿ ಮಾತಾಡುತ್ತಾರೆ. ಹೊರಗಿನ ಬದುಕಿನ ಸಾಧನ ಒಳಗೇ, ಮಿತಿಯೊಡನೆ, ಕೈಗೆ ಪಳಗುತ್ತದೆ. ಅಷ್ಟು ದುಡ್ಡು ನಮ್ಮಲ್ಲಿಲ್ಲ ಎನ್ನಬಹುದು. ದುಡ್ಡು ಬೇಡದ ಒಂದು ಕೆಲಸವಂತೂ ಇದೆ. ನಿಮ್ಹಾನ್ಸ್ ಇರುವುದು ಹೊಸೂರು ರಸ್ತೆಯಲ್ಲಿ. ಅದೇ ರಸ್ತೆ ಹಿಡಿದು ಹೋದರೆ ಪರಪ್ಪನ ಅಗ್ರಹಾರದ ಕೇಂದ್ರ ಕಾರಾಗೃಹ ಸಿಗುತ್ತದೆ. ಬಿಡುಗಡೆಗೆ ಆರು ತಿಂಗಳಿರುವಾಗಲೇ ಒಬ್ಬ ಆಪ್ತಸಮಾಲೋಚಕರು ಅಲ್ಲಿಗೆ ಹೋಗಿ, ಹೊರಡಲಿರುವವರ ಮುಂದೆ ಫೋನೊಂದನ್ನು ಇಟ್ಟು ಮಾತು ಶುರುಮಾಡಬೇಕು. ರಾತ್ರಿ ಹೇಗಿರುತ್ತದೆ, ದುಡಿದ ಕೂಲಿಯನ್ನು ಫೋನಿನ ಜೂಜು ಹೇಗೆ ನುಂಗಬಹುದು, ನಿನಗೆ ಇದು ಯಾವುದಕ್ಕೆ ಬೇಕು, ಯಾವುದಕ್ಕೆ ಬೇಡ ಎಂದು ಕೇಳಬೇಕು. ಉತ್ತರ ಮಾತ್ರ ಹೊರಡುವವನೇ ಕೊಡಬೇಕು, ಅಧಿಕಾರಿ ಬರೆದುಕೊಡುವುದಲ್ಲ.