ಮುಪ್ಪಿಗೊಂದು ಊರು

ಮನುಷ್ಯನಿಗೆ ಊರು ಸಿಗುವುದು ಸಾಮಾನ್ಯವಾಗಿ ಎರಡು ದಾರಿಯಿಂದ. ಹುಟ್ಟಿದ ಊರು ಒಂದು, ಅನ್ನ ಕೊಟ್ಟ ಊರು ಇನ್ನೊಂದು. ಮದುವೆಯಾಗಿ ಹೋದ ಹೆಣ್ಣುಮಕ್ಕಳಿಗೆ ಮೂರನೆಯದೂ ಇದೆ, ಆ ಮಾತು ಬೇರೆ. ಆದರೆ ಹುಟ್ಟಿದ್ದೂ ಅಲ್ಲ, ದುಡಿದದ್ದೂ ಅಲ್ಲ, ನೆಂಟರಿಲ್ಲ, ಭಾಷೆ ಬಾರದು, ಅಂಥ ಕಡೆ ಅರವತ್ತರ ಆಸುಪಾಸಿನಲ್ಲಿ ಭೂಪಟದ ಮೇಲೆ ಬೆರಳಿಟ್ಟು ‘ನಾವು ಇಲ್ಲಿ ಮುದುಕರಾಗೋಣ’ ಅಂತ ಹೋಗಿ ನೆಲೆಸಬಹುದೆ? ನೆಲೆಸಬಹುದು ಅಂತ ಇಂಗ್ಲಿಷರು ತೋರಿಸಿಕೊಟ್ಟಿದ್ದಾರೆ. ಕೆಲವು ದಶಕಗಳಿಂದ ಅವರಲ್ಲಿ ಸಾವಿರಾರು ಮಂದಿ ನಿವೃತ್ತಿಯಾದ ಮೇಲೆ ಕಡಲುಗಾಲುವೆ ದಾಟಿ ಫ್ರಾನ್ಸಿನ ಹಳ್ಳಿಗಾಡಿಗೆ ಹೋಗಿ ಮನೆ ಮಾಡಿದ್ದಾರೆ. ಪುಣೆಯಲ್ಲಿ ಕೂತು ಅವರ ಸುದ್ದಿ ನನಗೇಕೆ ಅಂತ ನೀವು ಕೇಳಬಹುದು. ಹೇಳುತ್ತೇನೆ, ಮೊದಲು ಅವರ ಕತೆ ಆಗಲಿ.

ನೈಋತ್ಯ ಫ್ರಾನ್ಸಿನ ದೋರ್ದೋನ್ ಜಿಲ್ಲೆಗೆ ಇಂಗ್ಲಿಷರೇ ಇಟ್ಟ ತಮಾಷೆಯ ಹೆಸರು ‘ದೋರ್ದೋನ್‌ಶೈರ್’, ತಮ್ಮ ದೇಶದ್ದೇ ಇನ್ನೊಂದು ಕೌಂಟಿ ಅನ್ನುವ ಹಾಗೆ. ಅಲ್ಲಿ 13ನೇ ಶತಮಾನದಲ್ಲಿ ಚೌಕದ ಸುತ್ತ ಕಟ್ಟಿದ ಎಮೆ ಎಂಬ ಪುಟ್ಟ ಪೇಟೆಯಿದೆ. ಆ ಊರಿಗೊಂದು ಕ್ರಿಕೆಟ್ ಕ್ಲಬ್ ಇದೆ! ಫ್ರೆಂಚರಿಗೆ ಕ್ರಿಕೆಟ್ ಅಂದರೆ ನಮಗೆ ಐಸ್ ಹಾಕಿ ಇದ್ದಂಗೆ. ಅದನ್ನು ಯಾರು ತಂದರು ಅಂತ ಬೇರೆ ಹೇಳಬೇಕಿಲ್ಲ. 1989ರಲ್ಲಿ ಪೀಟರ್ ಮೇಲ್ ಬರೆದ ‘ಎ ಇಯರ್ ಇನ್ ಪ್ರೊವಾನ್ಸ್’ ಈ ಆಸೆಗೆ ಗಾಳಿ ಹಾಕಿತು. ಪುಸ್ತಕ ಓದಿದವರೆಲ್ಲ ಮನೆ ಹುಡುಕಿಕೊಂಡು ಅಂಗಳಕ್ಕೇ ಬರತೊಡಗಿ, ಮೇಲ್ ಕೆಲವು ವರ್ಷ ಅಮೆರಿಕಕ್ಕೇ ಓಡಿಹೋಗಬೇಕಾಯಿತು. 1994ರಲ್ಲಿ ಸಮುದ್ರದಡಿಯ ಸುರಂಗ ತೆರೆಯಿತು. ಆಮೇಲೆ ಅಗ್ಗದ ವಿಮಾನಗಳು ಬಂದವು. ಲಂಡನ್ನಿನ ಒಂದು ಫ್ಲಾಟು ಮಾರಿದರೆ ಇಲ್ಲಿ ಕಲ್ಲಿನ ಮನೆ, ಕೊಟ್ಟಿಗೆ, ಹಿತ್ತಿಲು, ನಾಲ್ಕು ಹಣ್ಣಿನ ಮರ, ಮೇಲೆ ಬ್ಯಾಂಕಿನಲ್ಲಿಡಲು ಒಂದಷ್ಟು ದುಡ್ಡು. ಯಾರಿಗೆ ಬೇಡ?

ದೋರ್ದೋನ್ ದುಬಾರಿಯಾದ ಹಾಗೆಲ್ಲ ಹುಡುಕುವವರು ಈಶಾನ್ಯಕ್ಕೆ ಸರಿದರು. ಅಲ್ಲಿ ಲಿಮೂಸಾಂ ಪ್ರಾಂತ್ಯ, ಅದರೊಳಗೆ ಕ್ರೂಜ್ ಎಂಬ ಜಿಲ್ಲೆ. ಹಸಿರು, ಮಳೆ, ಕೆಂಗಂದು ದನಗಳು, ಮುಚ್ಚಿದ ಕಿಟಕಿಗಳ ಕಲ್ಲಿನ ಮನೆಗಳು. ಇಡೀ ಫ್ರಾನ್ಸಿನಲ್ಲಿ ಮನೆ ಅಗ್ಗಕ್ಕೆ ಸಿಗುವ ಜಾಗಗಳಲ್ಲಿ ಇದೂ ಒಂದು. ನನ್ನ ತಲೆಯಲ್ಲಿ ಹುಳ ಬಿಟ್ಟದ್ದು ಈ ಅಗ್ಗವೇ. ಮನೆ ಸುಮ್ಮನೆ ಅಗ್ಗವಾಗುವುದಿಲ್ಲ. ಅದರಲ್ಲಿದ್ದವರು ಎಲ್ಲಿಗೋ ಹೋಗಿರಬೇಕು.

ಹೋದದ್ದು ಪ್ಯಾರಿಸಿಗೆ. ಕ್ರೂಜ್‌ನ ಗಂಡಸರು ಗಾರೆ ಕೆಲಸಕ್ಕೆ ಹೆಸರಾದವರು. ಬಡ ಜಮೀನು, ಮನೆ ತುಂಬ ಜನ. ಹೀಗಾಗಿ ವಸಂತದಲ್ಲಿ ಹೊರಟು ಪ್ಯಾರಿಸಿನಲ್ಲಿ ಗೋಡೆ ಕಟ್ಟಿ, ಚಳಿಗಾಲಕ್ಕೆ ದುಡ್ಡು ಕಟ್ಟಿಕೊಂಡು ಊರಿಗೆ ಬರುವುದು. ಬೇಸಗೆಯ ಹೊಲಗೆಲಸವೆಲ್ಲ ಹೆಂಗಸರ ತಲೆಗೆ. ಮಾರ್ತಾಂ ನಾದೋ ಎಂಬಾತ 1830ರಲ್ಲಿ ಹದಿನಾಲ್ಕನೆಯ ವಯಸ್ಸಿಗೆ ಅಪ್ಪನ ಜೊತೆ, ಬಹುಪಾಲು ದಾರಿ ಕಾಲ್ನಡಿಗೆಯಲ್ಲಿ, ಹೀಗೆ ಹೊರಟವನು. ಹಗಲು ಗಾರೆ ಕೆಲಸ, ರಾತ್ರಿ ತನ್ನ ಕೋಣೆಯಲ್ಲೇ ಜೊತೆಗಾರರಿಗೆ ಅಕ್ಷರ ಕಲಿಸುತ್ತಿದ್ದ. ಇದನ್ನು ಓದುವಾಗ ನನಗೆ ಮುಂಬಯಿಯ ಕನ್ನಡ ರಾತ್ರಿಶಾಲೆಗಳ ನೆನಪಾಗದೆ ಇರಲಿಲ್ಲ. ಹಗಲೆಲ್ಲ ಹೋಟೆಲಿನಲ್ಲಿ ಲೋಟ ತೊಳೆದ ಉಡುಪಿ, ಕುಂದಾಪುರ ಕಡೆಯ ಹುಡುಗರು ರಾತ್ರಿ ಸ್ಲೇಟು ಹಿಡಿದದ್ದು ಅಲ್ಲಿಯೇ ಅಲ್ಲವೆ? ನಾದೋ 1849ರಲ್ಲಿ ಶಾಸನಸಭೆಗೆ ಆರಿಸಿಬಂದ. 1851ರ ಕ್ಷಿಪ್ರಕ್ರಾಂತಿಯ ನಂತರ ಗಡಿಪಾರಾಗಿ, ಇಂಗ್ಲೆಂಡಿನಲ್ಲಿ ಮೇಷ್ಟ್ರಾಗಿ ವರ್ಷಗಟ್ಟಲೆ ಕಳೆದು, 1870ರಲ್ಲಿ ತಾಯ್ನಾಡಿಗೆ ಮರಳಿದ. ಅವನ ಜಿಲ್ಲೆಗೆ ಈಗ ಇಂಗ್ಲೆಂಡಿನಿಂದ ಜನ ಬರುತ್ತಿದ್ದಾರೆ.

ಓಸ್ಮನ್ 1853ರಿಂದ ಪ್ಯಾರಿಸನ್ನು ಕೆಡವಿ ಕಟ್ಟಿಸಲು ಶುರುಮಾಡಿದ ಮೇಲೆ ಕೆಲಸ ವರ್ಷವಿಡೀ ಸಿಗತೊಡಗಿತು, ರೈಲೂ ಬಂತು. ಚಳಿಗಾಲಕ್ಕೆ ಬರುತ್ತಿದ್ದವರು ಬರುವುದು ಬಿಟ್ಟರು, ಹೆಂಡತಿ ಮಕ್ಕಳನ್ನು ಅಲ್ಲಿಗೇ ಕರೆಸಿಕೊಂಡರು. 19ನೇ ಶತಮಾನದ ಕೊನೆಯ ಹೊತ್ತಿಗೆ ಸುಮಾರು 2,80,000 ಜನರಿದ್ದ ಜಿಲ್ಲೆಯಲ್ಲಿ ಇವತ್ತು ಇರುವವರು ಸುಮಾರು 1,15,000. ಊರೂರಿನ ಚೌಕದಲ್ಲಿ 1914-18ರ ಯುದ್ಧದಲ್ಲಿ ಸತ್ತವರ ಹೆಸರಿನ ಕಲ್ಲು ನಿಂತಿದೆ. ಜಾಂತ್ಯೂ ಎಂಬ ಹಳ್ಳಿಯ ಕಲ್ಲಿನ ಮುಂದೆ ಅನಾಥ ಹುಡುಗನೊಬ್ಬ ಮುಷ್ಟಿ ಎತ್ತಿ ಯುದ್ಧಕ್ಕೇ ಶಾಪ ಹಾಕುತ್ತಾ ನಿಂತ ಪ್ರತಿಮೆಯಿದೆ. ಪ್ಯಾರಿಸ್ ಒಂದಷ್ಟು ಜನರನ್ನು ಕರೆದುಕೊಂಡಿತು, ಯುದ್ಧ ಇನ್ನೊಂದಷ್ಟು. ಹೀಗೆ ಖಾಲಿಯಾದ ಮನೆಯನ್ನೇ ನಿವೃತ್ತ ಇಂಗ್ಲಿಷ್ ದಂಪತಿಗಳು ‘ಎಷ್ಟು ಚೆಂದ, ಎಷ್ಟು ಸೋವಿ’ ಅಂತ ಕೊಳ್ಳುವುದು.

ಇದರಲ್ಲಿ ತಪ್ಪೇನಾದರೂ ಇದೆಯೆ? ಮಾರಿದವರಿಗೆ ಖುಷಿಯೇ ಆಗಿರುತ್ತದೆ. ಫ್ರೆಂಚ್ ಕಾನೂನಿನಲ್ಲಿ ತಂದೆತಾಯಿ ಮನಸ್ಸು ಬಂದ ಹಾಗೆ ಆಸ್ತಿ ಬರೆದುಕೊಡುವಂತಿಲ್ಲ. ಒಬ್ಬನೇ ಮಗುವಾದರೆ ಅರ್ಧ, ಇಬ್ಬರಿದ್ದರೆ ಮೂರರಲ್ಲಿ ಎರಡು ಪಾಲು, ಮೂರು ಮತ್ತು ಹೆಚ್ಚು ಮಕ್ಕಳಿದ್ದರೆ ಮುಕ್ಕಾಲು ಪಾಲು ಮಕ್ಕಳಿಗೆ ಹೋಗಲೇಬೇಕು. ಎರಡು ತಲೆಮಾರು ಕಳೆಯುವುದರೊಳಗೆ ಒಂದೊಂದು ಮನೆಗೆ ಏಳೆಂಟು ವಾರಸುದಾರರು, ಎಲ್ಲರ ರುಜು ಬೀಳುವ ತನಕ ಬೀಗ. ನಮ್ಮಲ್ಲಿ ಪಾಲುಪಟ್ಟಿಯಾಗದೆ ಹೆಂಚು ಜಾರುತ್ತಿರುವ ಮನೆಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಂಥ ಮನೆಗೆ ಯಾರೋ ಬಂದು ಮಾಡು ಸರಿ ಮಾಡಿಸಿ ದೀಪ ಹಚ್ಚಿದರೆ ಊರಿಗೆ ಒಳ್ಳೆಯದೇ. ಕೊಂಡವರನ್ನು ಬೈಯಲು ನನಗೆ ಮನಸ್ಸಿಲ್ಲ.

ನನ್ನ ಅಳುಕು ಬೇರೆ ಕಡೆ ಇದೆ. ಊರು ಆರಿಸುವುದು ಜುಲೈ ತಿಂಗಳಲ್ಲಿ. ಬಿಸಿಲು, ಸಂತೆ, ವೈನು. ಇರಬೇಕಾದದ್ದು ನವೆಂಬರಿನಲ್ಲೂ. ಅದಕ್ಕಿಂತ ಮುಖ್ಯ, ಆರಿಸುವಾಗ ಇಬ್ಬರಿರುತ್ತಾರೆ, ಇಬ್ಬರಿಗೂ ಕಾರು ಓಡಿಸುವ ಶಕ್ತಿ ಇರುತ್ತದೆ. ಹದಿನೈದು ವರ್ಷ ಕಳೆದ ಮೇಲೆ ಅಲ್ಲಿ ಉಳಿಯುವುದು ಒಬ್ಬರು. ಕಣ್ಣು ಮಂಜಾಗಿದೆ, ಬ್ರೆಡ್ಡಿನ ಅಂಗಡಿ ಆರು ಮೈಲಿ ದೂರ. ಅರವತ್ತರಲ್ಲಿ ಕಷ್ಟಪಟ್ಟು ಕಲಿತ ಭಾಷೆಯನ್ನು ಮರೆವಿನ ಕಾಯಿಲೆ ಮೊದಲು ಒರೆಸುತ್ತದೆ, ಉಳಿಯುವುದು ತಾಯಿನುಡಿ. ನರ್ಸಮ್ಮ ಫ್ರೆಂಚಿನಲ್ಲಿ ಎಲ್ಲಿ ನೋವು ಅಂತ ಕೇಳಿದರೆ ಉತ್ತರ ಕೊಡುವುದು ಹೇಗೆ?

ಆ ನರ್ಸಮ್ಮನ ಕಡೆಯಿಂದಲೂ ನೋಡಬೇಕು. ಫ್ರಾನ್ಸಿನ ಹಳ್ಳಿಗಳಲ್ಲಿ ಕಾರು ಓಡಿಸಿಕೊಂಡು ಮನೆಯಿಂದ ಮನೆಗೆ ಹೋಗಿ ಇಂಜೆಕ್ಷನ್ ಕೊಟ್ಟು, ಗಾಯ ಕಟ್ಟಿ, ಸ್ನಾನ ಮಾಡಿಸಿ ಬರುವ ದಾದಿಯರಿದ್ದಾರೆ. ಡಾಕ್ಟರುಗಳಂತೂ ನಿವೃತ್ತರಾದರೆ ಅವರ ಜಾಗಕ್ಕೆ ಇನ್ನೊಬ್ಬರು ಬರುವುದಿಲ್ಲ. ಇಂಥ ಸೀಮೆಗೆ ಅಲ್ಲಿನವರು ‘ವೈದ್ಯರ ಮರುಭೂಮಿ’ ಅಂತಲೇ ಹೆಸರಿಟ್ಟಿದ್ದಾರೆ. 2017ರಿಂದ ಅಂಚೆ ಇಲಾಖೆ, ತಿಂಗಳಿಗೆ ಇಷ್ಟು ಅಂತ ಕೊಟ್ಟರೆ, ಒಬ್ಬರೇ ಇರುವ ಮುದುಕರ ಮನೆಗೆ ಪೋಸ್ಟ್‌ಮನ್ ಹೋಗಿ ‘ಹೇಗಿದ್ದೀರಿ’ ಅಂತ ವಿಚಾರಿಸಿ ಬರುವ ಏರ್ಪಾಟು ಮಾಡಿದೆ. ಕ್ರೂಜ್ ಮೊದಲೇ ಮುದುಕರ ಜಿಲ್ಲೆ. ಅಲ್ಲಿಗೆ ಇನ್ನಷ್ಟು ಮುಪ್ಪನ್ನು ಹೊತ್ತು ಹೋಗುವುದೆಂದರೆ, ಇರುವ ನಾಲ್ಕು ಜನ ಎಳೆಯರ ಹೆಗಲಿಗೆ ಇನ್ನೊಂದು ಮೂಟೆ. ಊರು ಆರಿಸುತ್ತೇವೆ ಅಂದುಕೊಳ್ಳುವವರು ಆರಿಸುತ್ತಿರುವುದು ತಮ್ಮನ್ನು ಎತ್ತಿ ಕೂರಿಸಬೇಕಾದ ಕೈಗಳನ್ನು. ಆ ಕೈಗಳನ್ನು ಯಾರೂ ಕೇಳಿರುವುದಿಲ್ಲ. ಸರಕಾರದ ಲೆಕ್ಕ ಇದೆ, ಒಪ್ಪಿದೆ. ಬ್ರಿಟಿಷ್ ಪಿಂಚಣಿದಾರರ ಔಷಧದ ಖರ್ಚನ್ನು ಬ್ರಿಟನ್ನೇ ಫ್ರಾನ್ಸಿಗೆ ತುಂಬಿಕೊಡುತ್ತದೆ. ಆದರೆ ಆರು ಮೈಲಿ ಕಾರು ಓಡಿಸಿಕೊಂಡು ಬರುವ ದಾದಿಯನ್ನು ಯಾವ ಸರಕಾರ ಕಳಿಸಿಕೊಡುತ್ತದೆ?

ಹಾಗಂತ ಎಲ್ಲರೂ ಒಂದೇ ಅಲ್ಲ. ಐವತ್ತೈದಕ್ಕೇ ಬಂದು, ತಪ್ಪುತಪ್ಪಾಗಿಯಾದರೂ ಫ್ರೆಂಚ್ ಆಡಿ, ಊರ ಪಂಚಾಯ್ತಿಗೆ ನಿಂತು ಗೆದ್ದವರಿದ್ದಾರೆ. ಐರೋಪ್ಯ ಒಕ್ಕೂಟದ ಪ್ರಜೆಗಳಿಗೆ ಆ ಹಕ್ಕಿತ್ತು, ನೂರಾರು ಬ್ರಿಟಿಷರು ಹಾಗೆ ಸದಸ್ಯರಾಗಿದ್ದರು. ಪರದೇಶದಲ್ಲಿ ಕುಡಿಯುವ ನೀರಿನ ಪೈಪು, ಬೀದಿದೀಪ ಅಂತ ಸಭೆಯಲ್ಲಿ ಕೂತು ವಾದ ಮಾಡುವವರನ್ನು ನಾನು ಬಾಡಿಗೆದಾರರು ಅನ್ನಲಾರೆ. ಅವರಿಗೇ ಬಿದ್ದದ್ದು ಪೆಟ್ಟು. 2016ರ ಜೂನಿನಲ್ಲಿ ಬ್ರಿಟನ್ ಒಕ್ಕೂಟ ಬಿಡಬೇಕೋ ಬೇಡವೋ ಅಂತ ಜನರನ್ನು ಕೇಳಿದಾಗ, ಹದಿನೈದು ವರ್ಷಕ್ಕಿಂತ ಹೆಚ್ಚು ಕಾಲ ಹೊರಗಿದ್ದವರಿಗೆ ಮತವಿರಲಿಲ್ಲ. 2020ರ ಜನವರಿಯಲ್ಲಿ ಬ್ರಿಟನ್ ಹೊರಬಿತ್ತು. ಮಾರ್ಚಿನಲ್ಲಿ ನಡೆದ ಫ್ರೆಂಚ್ ಪಂಚಾಯ್ತಿ ಚುನಾವಣೆಗೆ, ಫ್ರೆಂಚ್ ಪೌರತ್ವ ಪಡೆಯದ ಬ್ರಿಟಿಷರು ನಿಲ್ಲುವಂತಿಲ್ಲ, ಮತ ಹಾಕುವಂತೆಯೂ ಇಲ್ಲ. ಬಿಟ್ಟುಬಂದ ದೇಶ ಕೇಳಲಿಲ್ಲ, ಬಂದು ಸೇರಿದ ಊರು ಕೇಳುವಂತಿಲ್ಲ. ಹದಿನೈದು ವರ್ಷದ ಆ ನಿಯಮವನ್ನು ಬ್ರಿಟನ್ 2024ರಲ್ಲಿ ತೆಗೆದುಹಾಕಿತು. ಅಷ್ಟರೊಳಗೆ ಆಗಬೇಕಾದ್ದು ಆಗಿಹೋಗಿತ್ತು.

ಆ ವಿಷಯದಲ್ಲಿ ಹೊರನಾಡ ಕನ್ನಡಿಗರು ಪುಣ್ಯವಂತರು. ಪುಣೆಯಲ್ಲಿದ್ದರೆ ಪುಣೆಯ ಯಾದಿಯಲ್ಲಿ ಹೆಸರು, ಊರಿಗೆ ಮರಳಿದರೆ ಊರಿನ ಯಾದಿಯಲ್ಲಿ. ನಮ್ಮ ತೊಡಕು ಇನ್ನೊಂದು ರೀತಿಯದು, ನಾನು ಫ್ರಾನ್ಸಿನ ತನಕ ಹೋಗಿಬಂದದ್ದೂ ಅದಕ್ಕೇ. ಇಲ್ಲಿನ ನಮ್ಮವರು ನಿವೃತ್ತಿಯ ಮಾತು ಬಂದ ತಕ್ಷಣ ಊರು ಅನ್ನುತ್ತಾರೆ. ಅಲ್ಲಿ ಮನೆಯಿದೆ, ತೆಂಗಿದೆ, ದೈವವಿದೆ. ಇಂಗ್ಲಿಷರ ಹಾಗೆ ನಾವೇನು ಅಪರಿಚಿತರ ಊರು ಹುಡುಕಿಕೊಂಡು ಹೋಗುತ್ತಿಲ್ಲವಲ್ಲ, ನಮ್ಮದೇ ಊರು. ಆದರೆ ನಲವತ್ತು ವರ್ಷದ ದುಡಿಮೆಯನ್ನು ಪುಣೆಗೋ ಮುಂಬಯಿಗೋ ಕೊಟ್ಟು, ಮಕ್ಕಳನ್ನು ಇಲ್ಲೇ ಬೇರೂರಿಸಿ, ಮಂಡಿನೋವು, ಬಿ.ಪಿ. ಮಾತ್ರೆ ಇಷ್ಟನ್ನು ಕಟ್ಟಿಕೊಂಡು ಹೋಗಿ ಇಳಿದರೆ ಊರಿನವರ ಪಾಲಿಗೆ ನಮಗೂ ಆ ಇಂಗ್ಲಿಷರಿಗೂ ಎಷ್ಟು ಅಂತರ? ಭಾಷೆ ಬರುತ್ತದೆ, ಅದೊಂದು. ನಾದೋವಿನ ಕಾಲದ ಗಾರೆಯವರಾದರೂ ವರ್ಷ ವರ್ಷ ಚಳಿಗಾಲಕ್ಕೆ ದುಡ್ಡು, ಮೈಬಲ ಎರಡನ್ನೂ ತಂದು ಊರಿಗೆ ಹಾಕುತ್ತಿದ್ದರು. ನಾವು ಜಾತ್ರೆಗೆ ಬಂದು ಚೀಟಿ ಹರಿಸಿಕೊಂಡು ಹೋದವರು.

ಕುಂದಾಪುರದ ಕಡೆಯ ಹಿರಿಯರೊಬ್ಬರು ನನ್ನ ಹತ್ತಿರ ಒಮ್ಮೆ ಅಂದಿದ್ದರು: “ಊರಲ್ಲಿ ಮನೆ ಉಂಟು ಮಾರಾಯ್ರೆ, ಬೀಳದ ಹಾಗೆ ಇಟ್ಟುಕೊಂಡಿದ್ದೇನೆ. ಆದ್ರೆ ನಾನು ಬಿದ್ರೆ ಎತ್ತೋದು ತಮ್ಮನ ಸೊಸೆ. ಅವಳ ಮದುವೆಗೂ ನಾನು ಹೋಗಿಲ್ಲ.” ಅವರು ಇನ್ನೂ ಪುಣೆಯಲ್ಲೇ ಇದ್ದಾರೆ. ವರ್ಷದಲ್ಲಿ ಎರಡು ಮೂರು ಸಲ ಊರಿಗೆ ಹೋಗಿ ತಿಂಗಳುಗಟ್ಟಲೆ ಇದ್ದು ಬರುತ್ತಾರೆ. ಆ ಹುಡುಗಿಯ ಮಗುವಿಗೆ ಗಣಿತ ಹೇಳಿಕೊಡುತ್ತಾರಂತೆ.

ಹುಟ್ಟಿದವನಿಗೇ ಊರು, ಬಂದವನಿಗೆ ಇಲ್ಲ ಅನ್ನುವ ವಾದ ನನ್ನದಲ್ಲ. ಫ್ರಾನ್ಸಿನಲ್ಲಿ ಕಾನೂನೂ ಹಾಗೆ ಹೇಳುವುದಿಲ್ಲ. ಊರಿನಲ್ಲಿ ಸತ್ತವರಿಗೆ, ಊರನ್ನು ತಮ್ಮ ವಾಸಸ್ಥಳ ಮಾಡಿಕೊಂಡವರಿಗೆ ಅಲ್ಲಿನ ಸ್ಮಶಾನದಲ್ಲಿ ಜಾಗ ಕೊಡಲೇಬೇಕು. ಹುಟ್ಟಿದ್ದೆಲ್ಲಿ ಅಂತ ಮೇಯರ್ ಕೇಳುವಂತಿಲ್ಲ. ಕುಟುಂಬಕ್ಕೆ ಅಂತ ಜಾಗ ಬೇಕಾದರೆ ಮಾತ್ರ ದುಡ್ಡು ಕೊಟ್ಟು, ಊರಿನ ಪದ್ಧತಿಯಂತೆ 15 ವರ್ಷಕ್ಕೋ 30 ವರ್ಷಕ್ಕೋ 50 ವರ್ಷಕ್ಕೋ ಬರೆಸಿಕೊಳ್ಳಬೇಕು. ಅವಧಿ ಮುಗಿದ ಮೇಲೆ ಯಾರಾದರೂ ಬಂದು ಹಣ ಕಟ್ಟಿ ಮುಂದುವರಿಸದಿದ್ದರೆ, ಒಂದಷ್ಟು ಕಾಲ ಕಾದು ಪಂಚಾಯ್ತಿ ಆ ಜಾಗವನ್ನು ವಾಪಸು ತೆಗೆದುಕೊಳ್ಳುತ್ತದೆ. ಕ್ರೂಜ್‌ನ ಸ್ಮಶಾನಗಳಲ್ಲಿ ಈಗ ಇಂಗ್ಲಿಷ್ ಹೆಸರುಗಳೂ ಇವೆ. ಅವರ ಮಕ್ಕಳಿರುವುದು ಇಂಗ್ಲೆಂಡಿನಲ್ಲಿ.