ಇಬ್ಬರಿಗೂ ಬೇಕಾದವನು

1939ನೆಯ ಇಸವಿಯ ಏಪ್ರಿಲ್ ತಿಂಗಳ ಮೊದಲ ವಾರದಲ್ಲಿ, ಒಂದಕ್ಕೊಂದು ಸಂಬಂಧವಿಲ್ಲವೆಂದು ಮೇಲ್ನೋಟಕ್ಕೆ ತೋರುವ ಎರಡು ಘಟನೆಗಳು ನಮ್ಮ ದೇಶದಲ್ಲಿ ಜರುಗಿದವು. ಆ ತಿಂಗಳ 3ರಂದು, ಫೆಡರಲ್ ನ್ಯಾಯಾಲಯದ ಮುಖ್ಯ ನ್ಯಾಯಾಧೀಶರಾಗಿದ್ದ ಸರ್ ಮಾರಿಸ್ ಗ್ವಯರ್ ಎಂಬ ಆಂಗ್ಲರು, ಕಾಠೇವಾಡದ ರಾಜಕೋಟೆ ಸಂಸ್ಥಾನದ ಠಾಕೂರ ಸಾಹೇಬರಿಗೂ ಪ್ರಜೆಗಳ ಪರವಾಗಿ ನಿಂತಿದ್ದ ಸರ್ದಾರ್ ವಲ್ಲಭಭಾಯಿ ಪಟೇಲರಿಗೂ ನಡುವೆ ಎದ್ದಿದ್ದ ವಿವಾದದಲ್ಲಿ ಪಟೇಲರ ಪರವಾಗಿ ತೀರ್ಪನ್ನಿತ್ತರು. ಅದಾದ ನಾಲ್ಕನೆಯ ದಿನ, ಏಪ್ರಿಲ್ 7ರಂದು, ಮಲಪ್ರಭೆಯ ದಡದ ರಾಮದುರ್ಗದಲ್ಲಿ, ಪ್ರಜಾಸಂಘದ ಮುಖಂಡರ ಬಂಧನದಿಂದ ಕೆರಳಿದ ಜನಸಮೂಹವು ಸೆರೆಮನೆಯ ಮೇಲೆ ಏರಿಹೋಯಿತು; ಗುಂಡು ಹಾರಿತು; ಪೊಲೀಸರು ಜನರ ಕೈಯಲ್ಲಿ ಹತರಾದರು. ಸತ್ತವರೂ ಕೊಂದವರೂ ಅದೇ ನೀರು ಕುಡಿದು, ಅದೇ ಭಾಷೆಯಾಡಿ ಬೆಳೆದವರು.

ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಬೇಕೆಂದು ನನಗೆ ಬಹುಕಾಲದಿಂದ ಅನ್ನಿಸುತ್ತ ಬಂದಿದೆ. ಒಂದೆಡೆ ಸಮುದ್ರದಾಚೆಯ ಪ್ರಭುತ್ವದ ನ್ಯಾಯಾಧೀಶನೊಬ್ಬನು ನಡುವೆ ಕುಳಿತು ನ್ಯಾಯಸಮ್ಮತವಾದ ನಿರ್ಣಯವನ್ನೇ ಕೊಟ್ಟನು, ಆದರೂ ಶಾಂತಿಯು ನೆಲೆಗೊಳ್ಳಲಿಲ್ಲ. ಇನ್ನೊಂದೆಡೆ, ಆ ವಿಷಮ ಘಳಿಗೆಯಲ್ಲಿ ಸೆರೆಮನೆಯ ಬಾಗಿಲಿಗೂ ಜನರಿಗೂ ನಡುವೆ ನಿಲ್ಲಬಲ್ಲ ಯಾರ ಮಾತೂ ಉಳಿಯಲಿಲ್ಲ. ಒಡೆದ ನಾಡೊಂದು ಮುಂದಕ್ಕೂ ಸಾಗದೆ ಹಿಂದಕ್ಕೂ ಸರಿಯದೆ ನಿಂತುಬಿಟ್ಟಾಗ ಹೊರಗಿನವನನ್ನು ಕರೆಯುವುದು ಧರ್ಮವೆ? ಕರೆದರೆ ಅವನು ಯಾವ ಅಧಿಕಾರದಿಂದ ಬರುತ್ತಾನೆ? ಅವನ ಮಾತು ಮುರಿದುಬಿದ್ದಾಗ ಅದರ ಪಾಪ ಯಾರಿಗೆ ಸಲ್ಲತಕ್ಕದ್ದು? ರಾಜನೀತಿಜ್ಞರು ಇವನ್ನು ಉಪಾಯದ ಪ್ರಶ್ನೆಗಳೆಂದು ಬಗೆಯುವರು. ನನಗೆ ಇವು ಮೊದಲಿನಿಂದ ಕೊನೆಯವರೆಗೆ ಧರ್ಮದ ಪ್ರಶ್ನೆಗಳಾಗಿಯೇ ಕಂಡಿವೆ.

ರಾಮದುರ್ಗದ ನೆಲಕ್ಕೆ ಈ ಪ್ರಶ್ನೆ ಹೊಸದಲ್ಲ. ರಾಮದುರ್ಗ, ನರಗುಂದ ಎರಡೂ ಭಾವೆ ಮನೆತನಕ್ಕೆ ಸೇರಿದ ಸಂಸ್ಥಾನಗಳು. ಪುಣೆಗೂ ಶ್ರೀರಂಗಪಟ್ಟಣಕ್ಕೂ ನಡುವೆ ಸಿಕ್ಕಿಬಿದ್ದ ಈ ಸಣ್ಣ ದೊರೆತನಗಳು ಒಬ್ಬರ ವಿರುದ್ಧ ಇನ್ನೊಬ್ಬರ ಆಶ್ರಯವನ್ನು ಬೇಡುತ್ತಲೇ ಬದುಕಬೇಕಾಗಿತ್ತು; ಹಾಗೆ ಪುಣೆಯನ್ನು ನಂಬಿದ ನರಗುಂದದ ವೆಂಕಟರಾಯನು 1785ರಲ್ಲಿ ಟೀಪುವಿನ ಸೈನ್ಯಕ್ಕೆ ಕೋಟೆಯನ್ನೊಪ್ಪಿಸಿ ಕಬ್ಬಾಳದುರ್ಗದ ಸೆರೆಯನ್ನು ಸೇರಿದನು. ಮುಂದೆ 1810ರಲ್ಲಿ ಪೇಶ್ವೆಯು ದಾಯಾದಿಗಳಿಬ್ಬರಿಗೆ ಭೂಮಿಯನ್ನು ಹೊಸದಾಗಿ ಹಂಚಿ, ನರಗುಂದವನ್ನು ಒಂದು ಶಾಖೆಗೂ ರಾಮದುರ್ಗವನ್ನು ಇನ್ನೊಂದು ಶಾಖೆಗೂ ವಿಧಿಸಿದನು. ಪಾಲು ಮಾಡಿಕೊಟ್ಟ ಪೇಶ್ವೆಯೇ ಒಂದು ದಶಕದೊಳಗಾಗಿ ಪದಚ್ಯುತನಾದನು. ಆದರೆ ಪಾಲು ಮಾಡುವ ಅಧಿಕಾರವು ಅವನೊಂದಿಗೆ ಅಳಿಯದೆ, ಅವನನ್ನು ಗೆದ್ದ ಇಂಗ್ಲಿಷರ ಕೈಗೆ ಹಾಗೆಯೇ ವರ್ಗವಾಯಿತು. ಅಣ್ಣತಮ್ಮಂದಿರ ವ್ಯಾಜ್ಯವನ್ನು ಬಲದ ಆಧಾರದಿಂದ ತೀರಿಸಿದವನು ತೀರಿಸಿ ಹೊರಟುಹೋಗುವುದಿಲ್ಲ; ಆ ತೀರ್ಪಿನ ಒಡೆಯನಾಗಿ ಮನೆಯಲ್ಲಿಯೇ ಉಳಿಯುತ್ತಾನೆ.

ಅದರ ಪರಿಣಾಮವು 1858ರಲ್ಲಿ ಪ್ರಕಟವಾಯಿತು. ಮಕ್ಕಳಿಲ್ಲದ ನರಗುಂದದ ಭಾಸ್ಕರರಾಯರು, ಜನರು ಬಾಬಾಸಾಹೇಬರೆಂದು ಕರೆಯುವ ವೀರರು, ದತ್ತಕಕ್ಕೆ ಅನುಮತಿಯನ್ನು ಬೇಡಿ ನಿರಾಕರಣೆಯನ್ನು ಪಡೆದಿದ್ದರು. ಮೇಲೆ ಆಯುಧಗಳನ್ನು ಒಪ್ಪಿಸಬೇಕೆಂಬ ಆಜ್ಞೆಯೂ ಬಂದಿತ್ತು. ಆಗ ದಕ್ಷಿಣ ಮರಾಠಾ ಸೀಮೆಯ ಪೊಲಿಟಿಕಲ್ ಏಜೆಂಟನಾಗಿದ್ದ ಮ್ಯಾನ್ಸನ್ ಎಂಬವನು, ದೊರೆಯೊಡನೆ ತಾನೇ ಮಾತಾಡಿ ಸಮಾಧಾನಪಡಿಸಬಲ್ಲೆನೆಂಬ ವಿಶ್ವಾಸದಿಂದ, ಸ್ವಲ್ಪವೇ ಕಾವಲಿನೊಡನೆ ಹೊರಟು ರಾಮದುರ್ಗಕ್ಕೆ ಬಂದನು. ರಾಮದುರ್ಗದ ದೊರೆಯು ಬಾಬಾಸಾಹೇಬರ ಮಲಸಹೋದರನು. ನರಗುಂದದಿಂದ ತನಗೆ ಬಂದಿದ್ದ, ದಂಗೆಯೇಳುವಂತೆ ಪ್ರೇರಿಸುವ ಪತ್ರವನ್ನು ಅವನು ಮ್ಯಾನ್ಸನ್ನನಿಗೆ ತೋರಿಸಿ, ಮುಂದೆ ಹೋಗಬೇಡವೆಂದು ಎಚ್ಚರಿಸಿದನೆಂದು ಆ ಕಾಲದ ಇಂಗ್ಲಿಷ್ ವೃತ್ತಾಂತಗಳು ಹೇಳುತ್ತವೆ. ಮ್ಯಾನ್ಸನ್ ದಾರಿ ಬದಲಿಸಿ ಸುರೇಬಾನದಲ್ಲಿ ತಂಗಿದನು. ಮೇ 29ರ ರಾತ್ರಿ ನರಗುಂದದ ಸವಾರರು ಅವನನ್ನು ಅಲ್ಲಿಯೇ ಕೊಂದರು. ಕೆಲವೇ ದಿನಗಳಲ್ಲಿ ನರಗುಂದ ಬಿದ್ದಿತು. ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬರನ್ನು ಗಲ್ಲಿಗೇರಿಸಲಾಯಿತು.

ಮ್ಯಾನ್ಸನ್ ಸಂಧಾನಕ್ಕೆ ಬಂದವನೆ? ಅವನ ಮನಸ್ಸಿನಲ್ಲಿ ಅಂಥ ಸದಾಶಯವು ಸ್ವಲ್ಪವೂ ಇರಲಿಲ್ಲವೆಂದು ಹೇಳಲು ನಾನು ಸಿದ್ಧನಿಲ್ಲ. ಆದರೆ ಅವನು ಹಿಂದೆ ಇನಾಂ ಕಮಿಷನ್ನಿನಲ್ಲಿ ದುಡಿದು, ಈ ಸೀಮೆಯ ಮನೆಮನೆಯ ಹಕ್ಕುಪತ್ರಗಳನ್ನು ಶೋಧಿಸಿ ಭೂಮಿಯನ್ನು ಕಳೆದುಕೊಳ್ಳುವ ಭಯವನ್ನು ಬಿತ್ತಿದವರಲ್ಲಿ ಒಬ್ಬನು. ಅಂಥವನು ಬಾಯಲ್ಲಿ ಎಷ್ಟೇ ಮೃದುವಾದ ಮಾತನ್ನು ತಂದಿದ್ದರೂ, ಕೇಳುವವರಿಗೆ ಆ ಮಾತಿನ ಹಿಂದಿರುವ ಪಲ್ಟನ್ನಿನ ಸದ್ದೇ ಮೊದಲು ಕೇಳಿಸುವುದು.

ನಮ್ಮ ಶಾಸ್ತ್ರಕಾರರು ಈ ವಿಷಯದಲ್ಲಿ ಬಹು ಸೂಕ್ಷ್ಮವಾಗಿ ಯೋಚಿಸಿದ್ದಾರೆ. ಗೀತೆಯ ಆರನೆಯ ಅಧ್ಯಾಯದಲ್ಲಿ ಯೋಗಿಯ ಸಮಬುದ್ಧಿಯನ್ನು ವರ್ಣಿಸುವಾಗ ಉದಾಸೀನನನ್ನೂ ಮಧ್ಯಸ್ಥನನ್ನೂ ಬೇರೆಬೇರೆಯಾಗಿ ಎಣಿಸಲಾಗಿದೆ. ಯಾರ ಪಕ್ಷವನ್ನೂ ವಹಿಸದವನು ಉದಾಸೀನನು, ಪರಸ್ಪರ ವಿರೋಧಿಸುವ ಇಬ್ಬರ ಹಿತವನ್ನೂ ಬಯಸುವವನು ಮಧ್ಯಸ್ಥನು ಎಂದು ಶಂಕರಾಚಾರ್ಯರು ಭಾಷ್ಯದಲ್ಲಿ ವಿವರಿಸುತ್ತಾರೆ. ಎಂದರೆ, ದೂರವಿರುವುದು ಮಧ್ಯಸ್ಥನ ಲಕ್ಷಣವಲ್ಲ; ಇಬ್ಬರೊಂದಿಗೂ ಹೊಂದಿದ ಸಾಮೀಪ್ಯವೇ ಅವನ ಲಕ್ಷಣ. ನಮ್ಮ ಕಡೆಯ ಹಳ್ಳಿಗಳಲ್ಲಿ ಹೊಲದ ಪಾಲಿಗಾಗಿ ಅಣ್ಣತಮ್ಮಂದಿರು ಕದನಕ್ಕೆ ನಿಂತಾಗ, ದೈವವನ್ನು, ಎಂದರೆ ಊರ ಪಂಚರನ್ನು, ಕೂಡಿಸುವ ಮೊದಲು, ಎರಡೂ ಮನೆಗೆ ಹೆಣ್ಣು ಕೊಟ್ಟೋ ತಂದೋ ಬಳಕೆಯಿರುವ ಪರಊರಿನ ಹಿರಿಯನೊಬ್ಬನನ್ನು ಹುಡುಕಿ ತರುವರು. ಇಬ್ಬರಿಗೂ ಬೇಕಾದವನು ಎಂಬುದೇ ಅವನಿಗಿರುವ ಏಕೈಕ ಅರ್ಹತೆ. ಅವನು ಹೊರಗಿನವನು ನಿಜ. ಆದರೆ ಈ ಮನೆ ಒಡೆದರೆ ಅವನ ಮಗಳ ಬಾಳೂ ಬಿರುಕು ಬಿಡುವುದು.

ಮಹಾಭಾರತದ ಕೃಷ್ಣಸಂಧಾನವನ್ನು ನಾನು ಈ ಬೆಳಕಿನಲ್ಲಿಯೇ ಓದುತ್ತೇನೆ. ಗದುಗಿನ ನಾರಣಪ್ಪನ ನಾಡಿನಲ್ಲಿ ಹುಟ್ಟಿದವರಿಗೆ ಆ ಕಥೆಯನ್ನು ಮತ್ತೆ ಹೇಳುವ ಅಗತ್ಯವಿಲ್ಲ. ಕೃಷ್ಣನು ನಿಷ್ಪಕ್ಷಪಾತಿಯಾಗಿ ಹೋದವನಲ್ಲ. ಪಾಂಡವರ ಪ್ರೀತಿಯನ್ನು ಅವನು ಎಂದೂ ಮರೆಮಾಚಿದವನಲ್ಲ. ಆದರೆ ಅವನ ಮಗ ಸಾಂಬನು ದುರ್ಯೋಧನನ ಅಳಿಯನು. ಅವನ ತಂಗಿ ಪಾರ್ಥನ ಮಡದಿ. ಅವನ ನಾರಾಯಣ ಸೇನೆಯು ಆ ವೇಳೆಗಾಗಲೇ ಕೌರವರ ಪಾಲಾಗಿತ್ತು. ಎರಡು ಕಡೆಯ ಯಾರು ಸತ್ತರೂ ಅವನ ಮನೆಯಲ್ಲಿ ಸೂತಕವೇ. ಅಂಥವನು ಹಸ್ತಿನಾವತಿಗೆ ಹೋಗಿ ದುರ್ಯೋಧನನ ಔತಣವನ್ನು ನಿರಾಕರಿಸಿ, ಪ್ರೀತಿಯಿಂದಲೋ ಆಪತ್ತಿನಲ್ಲಿಯೋ ಮಾತ್ರ ಪರಾನ್ನವನ್ನು ಉಣ್ಣತಕ್ಕದ್ದು, ಇಲ್ಲಿ ಎರಡೂ ಇಲ್ಲವೆಂದು ಹೇಳಿ, ವಿದುರನ ಮನೆಯಲ್ಲಿ ಉಂಡನು. ಸಂಧಿಯಾಗದೆಂದು ಬಲ್ಲ ನೀನು ಬಂದುದೇಕೆಂದು ವಿದುರನು ಕೇಳಿದಾಗ ಅವನು ಕೊಟ್ಟ ಉತ್ತರದ ಭಾವವಂತೂ ನನ್ನನ್ನು ಇಂದಿಗೂ ಬಿಡದೆ ಕಾಡುತ್ತದೆ: ಕೇಡಿಗೆ ಧಾವಿಸುವ ಮಿತ್ರನನ್ನು ಜುಟ್ಟು ಹಿಡಿದಾದರೂ ತಡೆಯಲು ಯತ್ನಿಸದವನು ನಿಂದೆಗೆ ಪಾತ್ರನು, ಶಕ್ತಿಮೀರಿ ಯತ್ನಿಸಿ ಸೋತವನು ಅಲ್ಲ.

ಸಂಸ್ಥಾನಗಳ ಹೋರಾಟದ ಕಾಲದಲ್ಲಿ ಇಂಥ ಯತ್ನವೊಂದು ಮೈಸೂರಿನಲ್ಲಿ ಸ್ವಲ್ಪಮಟ್ಟಿಗೆ ಫಲಿಸಿತು. 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಗುಂಡು ಹಾರಿದ ಬಳಿಕ, ಗಾಂಧೀಜಿಯವರ ಪ್ರೇರಣೆಯಿಂದ ಪಟೇಲರೂ ಆಚಾರ್ಯ ಕೃಪಲಾನಿಯವರೂ ಬಂದು ದಿವಾನ ಮಿರ್ಜಾ ಇಸ್ಮಾಯಿಲ್ಲರೊಡನೆ ಮಾತಾಡಿ, ಧ್ವಜದ ವಿಷಯದಲ್ಲಿ ಒಪ್ಪಂದವನ್ನು ಮಾಡಿಕೊಂಡರು; ಸಂಸ್ಥಾನದ ಬಾವುಟದೊಡನೆ ಕಾಂಗ್ರೆಸ್ಸಿನ ಬಾವುಟವೂ ಹಾರಬಹುದಾಯಿತು. ಬಂದವರು ಮೈಸೂರಿಗೆ ಹೊರಗಿನವರು. ಆದರೆ ಅವರ ಹಿಂದೆ ಪಲ್ಟನ್ನಿರಲಿಲ್ಲ.

ರಾಜಕೋಟೆಯಲ್ಲಿ ನಡೆದುದು ಬೇರೆ. ಅಲ್ಲಿ 1938ರ ಡಿಸೆಂಬರ್ 26ರಂದು ಠಾಕೂರ ಸಾಹೇಬರು ಪಟೇಲರೊಡನೆ ಒಪ್ಪಂದವನ್ನು ಮಾಡಿಕೊಂಡಿದ್ದರು. ಹತ್ತು ಜನರ ಸುಧಾರಣಾ ಸಮಿತಿಯಲ್ಲಿ ಏಳು ಹೆಸರುಗಳು ಪಟೇಲರ ಶಿಫಾರಸಿನವು ಆಗಬೇಕಾಗಿತ್ತು. ವೀರಾವಾಲಾ ಎಂಬ ದರಬಾರಿಯ ಪ್ರಭಾವದಿಂದ ಆ ಮಾತು ಮುರಿಯಿತು. ಗಾಂಧೀಜಿಯವರು ಮಾರ್ಚ್ 3ರಿಂದ ಉಪವಾಸಕ್ಕೆ ಕುಳಿತರು; ವೈಸರಾಯರು ಮಧ್ಯೆ ಪ್ರವೇಶಿಸಿ ಪ್ರಶ್ನೆಯನ್ನು ಗ್ವಯರರಿಗೆ ಒಪ್ಪಿಸಿದ ಮೇಲೆ 7ರಂದು ಉಪವಾಸವು ಮುಗಿಯಿತು. ತೀರ್ಪು ಗೆಲುವಾಗಿಯೇ ಬಂದಿತು. ಗೆದ್ದ ಮೇಲೆ ರಾಜಕೋಟೆಯಲ್ಲಿ ಮುಸಲ್ಮಾನರೂ, ಠಾಕೂರರ ದಾಯಾದಿಗಳಾದ ಭಾಯಾತರೂ ತಮ್ಮ ಪ್ರಾತಿನಿಧ್ಯವನ್ನು ಕೇಳಿ ಎದ್ದು ನಿಂತರು. ಠಾಕೂರರ ಹೃದಯವು ಇನ್ನಷ್ಟು ಗಟ್ಟಿಯಾಯಿತು. ಒಂದೂರಿನ ಜನರ ನಡುವಿನ ಕಹಿಯು ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. ಆಗ ಮೇ 17ರಂದು ಗಾಂಧೀಜಿಯವರು, ತಮಗೆ ಅನುಕೂಲವಾಗಿದ್ದ ಆ ತೀರ್ಪಿನ ಪ್ರಯೋಜನವನ್ನು ತಾವಾಗಿಯೇ ತ್ಯಜಿಸಿದರು. ಪರಮಾಧಿಕಾರದ ಕೈಯಿಂದ ಠಾಕೂರರನ್ನು ಮಣಿಸಲು ಯತ್ನಿಸಿದುದು ಹಿಂಸೆಯೇ ಆಯಿತೆಂದು ಒಪ್ಪಿಕೊಂಡು, ವೈಸರಾಯರನ್ನೂ ನ್ಯಾಯಾಧೀಶರನ್ನೂ ಠಾಕೂರರನ್ನೂ ವೀರಾವಾಲಾರನ್ನೂ ಕ್ಷಮೆ ಬೇಡಿದರು. ಆ ವರ್ಷ ಸಂಸ್ಥಾನಗಳಲ್ಲಿ ನಡೆದ ಹಿಂಸೆಯ ಕುರಿತು ಅವರು ಆಡಿದ ನೋವಿನ ಮಾತುಗಳಲ್ಲಿ ರಾಮದುರ್ಗದ ಹೆಸರೂ ಬರುತ್ತದೆ. ಗುಂಪಿನ ಕಲ್ಲೂ ಚಕ್ರಾಧಿಪತ್ಯದ ತೀರ್ಪೂ ಒಂದೇ ತೂಕದವಲ್ಲ; ಎದುರಾಳಿಯ ಹೃದಯವನ್ನು ಬದಿಗಿರಿಸಿ ಅವನ ಕೈಯನ್ನು ಮಾತ್ರ ತಿರುಚುವುದರಲ್ಲಿ ಅವೆರಡಕ್ಕೂ ಸಮಾನಾಂಶವೊಂದಿದೆಯೆಂಬುದನ್ನು ಆ ಮಹಾನುಭಾವರು ಕಂಡರು.

ಇದಕ್ಕೆ ಒಂದು ಆಕ್ಷೇಪವಿದೆ, ಅದು ಹಗುರವಾದುದಲ್ಲ. ದುರ್ಬಲನು ಬಲಿಷ್ಠನೆದುರು ಮೂರನೆಯವನ ನೆರವನ್ನು ಬೇಡಬಾರದೆಂದರೆ ಅವನ ಗತಿಯೇನು? ರಾಜಕೋಟೆಯ ಪ್ರಜೆಗಳು ಲಾಠಿಯನ್ನೂ ಸೆರೆಯನ್ನೂ ಅನುಭವಿಸಿ ಗಳಿಸಿದ್ದನ್ನು, ಅವರ ನಾಯಕನು ತನ್ನ ಅಂತಃಶುದ್ಧಿಗಾಗಿ ಬಿಟ್ಟುಕೊಟ್ಟದ್ದು ಎಷ್ಟರಮಟ್ಟಿಗೆ ನ್ಯಾಯ? ಈ ಪ್ರಶ್ನೆಯ ಮುಂದೆ ನಾನು ಬಹಳ ಹೊತ್ತು ನಿಂತಿದ್ದೇನೆ. ನೆರವನ್ನು ಬೇಡುವುದು ದೋಷವಲ್ಲವೆಂದೇ ನನ್ನ ಅಭಿಪ್ರಾಯ. ಪೆಟ್ಟು ತಿನ್ನುವವನು ಯಾರನ್ನಾದರೂ ಕೂಗಬಹುದು. ಆದರೆ ಪೆಟ್ಟನ್ನು ನಿಲ್ಲಿಸುವುದು ಬೇರೆ, ಒಟ್ಟಿಗೆ ಬಾಳುವ ಕ್ರಮವನ್ನು ಕಟ್ಟುವುದು ಬೇರೆ. ಮೊದಲನೆಯದನ್ನು ಪರಕೀಯ ಬಲವು ಮಾಡಬಲ್ಲದು. ಎರಡನೆಯದು ಅದರ ಕೈಗೆಟುಕುವ ಕಾರ್ಯವಲ್ಲ.

ನಮ್ಮ ಕಾಲದಲ್ಲಿಯೇ ಸಿಂಹಳದಲ್ಲಿ ಇದರ ದುಃಖಕರ ನಿದರ್ಶನವನ್ನು ಕಂಡೆವು. ನಾರ್ವೆಯಂಥ ದೂರದ, ಸೈನ್ಯವನ್ನು ಕಳುಹಿಸುವ ಇಚ್ಛೆಯಿಲ್ಲದ, ಸದುದ್ದೇಶದ ದೇಶವು ಸರ್ಕಾರಕ್ಕೂ ತಮಿಳು ಬಂಡುಕೋರರಿಗೂ ನಡುವೆ ನಿಂತು 2002ರ ಫೆಬ್ರುವರಿಯಲ್ಲಿ ಕದನವಿರಾಮವನ್ನು ಮಾಡಿಸಿತು. ಅದರ ಫಲವಾಗಿ ಕೆಲವು ವರ್ಷ ಬದುಕಿ ಉಳಿದವರ ಪಾಲಿಗೆ ಅದು ಸಣ್ಣ ಪುಣ್ಯವಲ್ಲ. ಆದರೆ 2008ರ ಜನವರಿಯಲ್ಲಿ ಸರ್ಕಾರವು ಆ ಒಪ್ಪಂದವನ್ನು ತೊರೆಯಿತು. 2009ರ ಮೇ ತಿಂಗಳಲ್ಲಿ ಘೋರ ಸಂಹಾರದೊಂದಿಗೆ ಯುದ್ಧವು ಮುಗಿಯಿತು. ಮಧ್ಯಸ್ಥರು ತಮ್ಮ ದೇಶಕ್ಕೆ ಮರಳಿದರು. ಮರಳಲು ಅವರಿಗೊಂದು ದೇಶವಿತ್ತೆಂಬುದನ್ನು ನಾನು ಆರೋಪವಾಗಿ ಹೇಳುತ್ತಿಲ್ಲ. ವಿದೇಶೀಯ ಮಧ್ಯಸ್ಥಿಕೆಯ ಎಲ್ಲೆಯು ಅಲ್ಲಿಯೇ ಇದೆಯೆಂದು ತೋರಿಸುತ್ತಿದ್ದೇನೆ.

ಕೃಷ್ಣನಿಗೆ ಹಾಗೆ ಮರಳಲು ಸಾಧ್ಯವಾಗಲಿಲ್ಲ. ಕುರುಕ್ಷೇತ್ರದಲ್ಲಿ ನೂರು ಮಕ್ಕಳ ಹೆಣಗಳ ನಡುವೆ ನಿಂತ ಗಾಂಧಾರಿಯು, ತಡೆಯಬಲ್ಲವನಾಗಿದ್ದೂ ಉಪೇಕ್ಷಿಸಿದೆಯೆಂದು ಅವನ ಮೇಲೆಯೇ ದೋಷವನ್ನು ಹೊರಿಸಿ, ಅವನ ಕುಲವೂ ಹೀಗೆಯೇ ತಮ್ಮತಮ್ಮಲ್ಲಿ ಹೊಡೆದಾಡಿ ನಾಶವಾಗಲೆಂದು ಶಪಿಸಿದಳು. ಯತ್ನಿಸಿದವನನ್ನು ನಿಂದಿಸಬಾರದೆಂದು ವಿದುರನಿಗೆ ಹೇಳಿದ್ದ ಅವನೇ ಆ ಶಾಪವನ್ನು ತಲೆಬಾಗಿ ಸ್ವೀಕರಿಸಿದನು. ನಡುವೆ ನಿಂತವನಿಗೆ ಲೋಕವು ಕೇಳಬಹುದಾದ ಅತ್ಯಂತ ಕಠಿನವಾದ ಲೆಕ್ಕವನ್ನು ಅವನು ಕೊಟ್ಟನು.

ಗಾಂಧಾರಿಯ ಆ ಆರೋಪವನ್ನು 1858ರ ಬೇಸಗೆಗೆ ಅನ್ವಯಿಸಿದರೆ ಅದು ಮ್ಯಾನ್ಸನ್ನನ ಮೇಲೆ ಬೀಳುವುದಿಲ್ಲ, ರಾಮದುರ್ಗದ ದೊರೆಯ ಮೇಲೆ ಬೀಳುತ್ತದೆ. ನರಗುಂದದ ರಕ್ತವೇ ಅವನ ಮೈಯಲ್ಲಿ ಹರಿಯುತ್ತಿತ್ತು. ಇಂಗ್ಲಿಷರ ವಿಶ್ವಾಸವೂ ಅವನಿಗೆ ಇತ್ತು. ಆ ಸೀಮೆಯಲ್ಲಿ ಇಬ್ಬರಿಗೂ ಬೇಕಾದವನೆಂದರೆ ಅವನೊಬ್ಬನೇ. ನರಗುಂದಕ್ಕೆ ಒಂದು ಹಗಲಿನ ಕುದುರೆಯ ದಾರಿಯೂ ಇರಲಿಲ್ಲ. ತನ್ನ ಪ್ರಜೆಗಳನ್ನೂ ಮನೆತನವನ್ನೂ ಉಳಿಸಿಕೊಳ್ಳಬೇಕಾಗಿದ್ದ ಅವನ ಭಯವನ್ನು ನಾನು ಅಲ್ಲಗಳೆಯಲಾರೆ. ಅವನು ಹೋಗಿದ್ದರೆ ಬಾಬಾಸಾಹೇಬರು ಕೇಳುತ್ತಿದ್ದರೆಂದೂ ಹೇಳಲಾರೆ, ದುರ್ಯೋಧನನು ಕೃಷ್ಣನ ಮಾತನ್ನೇ ಕೇಳಲಿಲ್ಲ. ಆದರೂ ಅಣ್ಣತಮ್ಮಂದಿರ ನಡುವಣ ಪತ್ರವು ಮೂರನೆಯವನ ಕೈಗೆ ಹೋಗುವ ಮೊದಲು, ಅದನ್ನು ಹಿಡಿದುಕೊಂಡು ಅವನು ಒಮ್ಮೆ ನರಗುಂದದ ಗುಡ್ಡವನ್ನು ಹತ್ತಬೇಕಾಗಿತ್ತು. ಅವನ ಸಂಸ್ಥಾನವು ಉಳಿಯಿತು, 1948ರ ಮಾರ್ಚ್ 8ರಂದು ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವವರೆಗೂ ಉಳಿಯಿತು. ನರಗುಂದದ ದೊರೆತನವು ಆ ಬೇಸಗೆಯಲ್ಲಿಯೇ ಮುಗಿಯಿತು.